ಚಾವಣಿಯ ಎತ್ತರ, ಚೌಕಟ್ಟಿನ ಅಗಲ: ಕನ್ನಡ ಸುದ್ದಿವಾಹಿನಿಗಳ ಸ್ಟುಡಿಯೊ ವಿನ್ಯಾಸ

ಕನ್ನಡ ಸುದ್ದಿವಾಹಿನಿಗಳ ಬಗೆಗಿನ ಚರ್ಚೆ ಬಹುಮಟ್ಟಿಗೆ ಭಾಷೆ, ಟಿಆರ್‌ಪಿ, ಮಾಲೀಕತ್ವಗಳ ಸುತ್ತಲೇ ನಡೆಯುತ್ತದೆ. ಸುದ್ದಿ ಹೊರಡುವ ಕೋಣೆಯ ಉದ್ದ, ಅಗಲ, ಎತ್ತರಗಳತ್ತ ಗಮನ ಹರಿಯುವುದು ಅಪರೂಪ. ಯಾರು ಸ್ಟುಡಿಯೊದಲ್ಲಿ ಕೂತು ಮಾತನಾಡುತ್ತಾರೆ, ಯಾರು ಪರದೆಯ ಮೂಲೆಯ ಬಾಕ್ಸ್‌ನಲ್ಲೇ ಉಳಿಯುತ್ತಾರೆ ಎಂಬುದನ್ನು ಈ ಅಳತೆಗಳೂ ನಿರ್ಧರಿಸುತ್ತವೆ ಎಂಬುದು ಇಲ್ಲಿನ ವಾದ.

ಬೆಂಗಳೂರಿನ ಜೆ.ಸಿ. ನಗರದ ದೂರದರ್ಶನ ಕೇಂದ್ರ ಪ್ರಸಾರಕ್ಕೆಂದೇ ಕಟ್ಟಿದ್ದು. ದೂರದರ್ಶನದ ಪದ್ಧತಿಯಲ್ಲಿ ಎತ್ತರದ ದೊಡ್ಡ ಸ್ಟುಡಿಯೊ ನಾಟಕ, ಸಂಗೀತ, ನೃತ್ಯಗಳಿಗೆ ಮೀಸಲು. ವಾರ್ತೆಗೆ ಚಿಕ್ಕದೊಂದು ಸಾಕಿತ್ತು. ಒಬ್ಬ ವಾಚಕರು, ಒಂದು ಮೇಜು, ಬೆನ್ನ ಹಿಂದೆ ಒಂದು ಫಲಕ. 2006ರಲ್ಲಿ ಟಿವಿ9, 2008ರಲ್ಲಿ ಸುವರ್ಣ ನ್ಯೂಸ್, 2012ರಲ್ಲಿ ಪಬ್ಲಿಕ್ ಟಿವಿ ಬಂದ ಮೇಲೆ ಸುದ್ದಿಯೇ ದಿನವಿಡೀ ನಡೆಯುವ ಕಾರ್ಯಕ್ರಮವಾಯಿತು, ಪ್ಯಾನಲ್ ಚರ್ಚೆ ಅದರ ತಿರುಳಾಯಿತು. ಜಾಗ ಹೆಚ್ಚು ಬೇಕಾದದ್ದು ಆಗಲೇ. ಬಾಡಿಗೆಗೆ ಸಿಗುವ ವಾಣಿಜ್ಯ ಕಟ್ಟಡದ ಮಹಡಿಯಲ್ಲಾದರೋ ತೊಲೆ ಮತ್ತು ಎ.ಸಿ. ಡಕ್ಟ್‌ಗಳನ್ನು ಕಳೆದರೆ 3 ಮೀಟರ್ ಎತ್ತರ ಉಳಿಯುವುದೂ ಕಷ್ಟ.

ಅಂಥ ಮಹಡಿಗಳು ಸ್ಟುಡಿಯೊ ಆಗಲು ಸಾಧ್ಯವಾದದ್ದರಲ್ಲಿ ಪರದೆಯ ಆಕಾರದ ಪಾಲು ದೊಡ್ಡದು. ನಾಲ್ಕೈದು ಜನ ಕೂತ ಮೇಜು ಪೂರ್ತಿ ಕಾಣಬೇಕಾದರೆ ಸುಮಾರು 5 ಮೀಟರ್ ಅಗಲದ ಚೌಕಟ್ಟು ಬೇಕು. ಹಳೆಯ 4:3 ಅನುಪಾತದಲ್ಲಿ ಆ ಚೌಕಟ್ಟಿನ ಎತ್ತರ 3.75 ಮೀಟರ್. ನೆಲದಿಂದ ಲೆಕ್ಕ ಹಾಕಿದರೆ ಚಾವಣಿ, ದೀಪ, ತಂತಿ ಎಲ್ಲವೂ ದೃಶ್ಯದೊಳಕ್ಕೆ ಬಂದುಬಿಡುತ್ತವೆ. 16:9ರಲ್ಲಿ ಅದೇ ಅಗಲಕ್ಕೆ ಎತ್ತರ 2.81 ಮೀಟರ್ ಮಾತ್ರ. ಅಗಲ ಪರದೆ ಬಂದಾಗ ಸುಮಾರು ಒಂದು ಮೀಟರ್ ಎತ್ತರದ ಹೊರೆ ಇಳಿಯಿತು. ಹೆಚ್ಚು ಬಿಸಿಯಾಗುವ ಟಂಗ್‌ಸ್ಟನ್ ದೀಪಗಳ ಬದಲು ಎಲ್‌ಇಡಿ ಪ್ಯಾನಲ್‌ಗಳು ಬಂದದ್ದು ಉಳಿದ ತೊಡಕನ್ನು ತಕ್ಕಮಟ್ಟಿಗೆ ನೀಗಿಸಿತು. ಆದರೂ ದೀಪ ತೂಗುಹಾಕುವ ತಗ್ಗಿನ ಗ್ರಿಡ್‌ನಿಂದ ಕೂದಲು, ಭುಜಗಳ ಮೇಲೆ ಬೀಳುವ ಹಿಂಬೆಳಕನ್ನು ಸರಿಯಾದ ಕೋನಕ್ಕೆ ತರುವುದು ಇಂದಿಗೂ ಕಷ್ಟವೇ. ಆ ಬೆಳಕು ತಪ್ಪಿದರೆ ನಿರೂಪಕರು ಹಿನ್ನೆಲೆಗೆ ಅಂಟಿಕೊಂಡಂತೆ ಕಾಣುತ್ತಾರೆ.

ಕೋಣೆಯ ಆಳದ ವಿಷಯದಲ್ಲಿ ಇಂಥ ರಿಯಾಯಿತಿ ಸಿಗಲಿಲ್ಲ. ಪ್ರಸಾರದ ಕ್ಯಾಮೆರಾದ ಸೆನ್ಸರ್ ಸಾಮಾನ್ಯವಾಗಿ 9.6 ಮಿ.ಮೀ. ಅಗಲ. 9 ಮಿ.ಮೀ. ಲೆನ್ಸ್‌ನಲ್ಲಿ 5 ಮೀಟರ್ ಅಗಲ ಕಾಣಲು ಕ್ಯಾಮೆರಾ 4.7 ಮೀಟರ್ ದೂರ ಇರಬೇಕು. ಕಂಪ್ಯೂಟರ್ ಹಿನ್ನೆಲೆಯ ವರ್ಚುವಲ್ ಸೆಟ್ ಆದರೆ, ಕ್ರೋಮಾ ಪರದೆಯ ಹಸಿರು ಬೆಳಕು ಮೈಮೇಲೆ ಚೆಲ್ಲದಿರಲು ಹಿಂದೆ 2 ಮೀಟರ್ ಬೇಕು, ಕ್ಯಾಮೆರಾದವರು ನಿಲ್ಲಲು ಇನ್ನೊಂದೂವರೆ ಮೀಟರ್. ಕೂಡಿದರೆ 8 ಮೀಟರ್‌ಗಿಂತ ಹೆಚ್ಚು. ವರ್ಚುವಲ್ ಸೆಟ್ ಬಂದರೆ ಕೋಣೆ ಚಿಕ್ಕದಿದ್ದರೂ ನಡೆಯುತ್ತದೆ ಎನ್ನುವವರು ಈ ಮೊತ್ತವನ್ನು ಮರೆಯುತ್ತಾರೆ. ಚಿಕ್ಕ ಕೋಣೆಯಲ್ಲಿ ವರ್ಚುವಲ್ ಸೆಟ್ ನಡೆಯುವುದು ಒಬ್ಬರೇ ನಿಂತಾಗ.

ಕನ್ನಡ ಲಿಪಿಗೆ ಸಂಬಂಧಿಸಿದ ಇನ್ನೊಂದು ಅಂಶವಿದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ‘ರಾಷ್ಟ್ರ’ ಎಂಬ ಪದ ಪರದೆಯ ಕೆಳಗೆ ಓಡುವ ಟಿಕರ್‌ನಲ್ಲಿ ಸ್ಪಷ್ಟವಾಗಿ ಓದಿಸಿಕೊಳ್ಳಬೇಕಾದರೆ ಪಟ್ಟಿ ಸಾಕಷ್ಟು ದಪ್ಪವಿರಲೇಬೇಕು. ಮೇಲೊಂದು ಬ್ರೇಕಿಂಗ್ ಪಟ್ಟಿ ಸೇರಿದರೆ ಪರದೆಯ ಕೆಳಗಿನ ಕಾಲುಭಾಗ ಅಕ್ಷರಗಳದ್ದೇ. 2.81 ಮೀಟರ್‌ನ ಕಾಲುಭಾಗ 70 ಸೆಂ.ಮೀ.; ಮೇಜಿನ ಎತ್ತರ ಸುಮಾರು 75. ಅಂದರೆ ಹಣ ಸುರಿದು ಅಲಂಕರಿಸಿದ ಮೇಜಿನ ಮುಂಭಾಗ ವೀಕ್ಷಕರಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ! ಸೆಟ್ ವಿನ್ಯಾಸ ಶುರುವಾಗಬೇಕಾದದ್ದು ಮೇಜಿನ ಮೇಲ್ಮೈಯಿಂದ. ನಕ್ಷೆ ಬರೆಯುವಾಗಲೇ ಗ್ರಾಫಿಕ್ಸ್ ವಿಭಾಗದವರನ್ನು ಕೂರಿಸಿಕೊಳ್ಳುವುದು ಸರಿಯಾದ ಕ್ರಮ.

ಧ್ವನಿಯ ಪಾಡು ಬೇರೆ. ಗಾಜು, ಎಲ್‌ಇಡಿ ಗೋಡೆ, ಹೊಳೆಯುವ ನೆಲ ಎಲ್ಲವೂ ಮಾತನ್ನು ತಿರುಗಿ ಎಸೆಯುತ್ತವೆ. ಕಾಲರ್ ಮೈಕ್ ಅದನ್ನು ಒಬ್ಬರ ಮಟ್ಟಿಗೆ ಮರೆಮಾಚುತ್ತದೆ. ಐದು ಮೈಕ್‌ಗಳು ಒಟ್ಟಿಗೆ ತೆರೆದಾಗ ಒಬ್ಬರ ಮಾತು ಉಳಿದ ನಾಲ್ಕರಲ್ಲೂ ಸೇರಿ ಕೋಣೆಯ ಗದ್ದಲ ಇಮ್ಮಡಿಸುತ್ತದೆ. ಚರ್ಚೆಗಳ ಕಿರುಚಾಟಕ್ಕೆ ನಿರೂಪಕರ ಸ್ವಭಾವವನ್ನಷ್ಟೇ ದೂರುವುದು ಪೂರ್ತಿ ನ್ಯಾಯವಲ್ಲ.

ಜಾಗ ಸಾಲದಾದಾಗ ವಾಹಿನಿಗಳು ಅತಿಥಿಗಳನ್ನು ಬಾಕ್ಸ್‌ಗಳಿಗೆ ಕಳುಹಿಸಿದವು. ಇದರ ಹೊಡೆತ ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಬೆಂಗಳೂರಿನ ಪಕ್ಷದ ವಕ್ತಾರರು ಮೇಜಿನ ಬಳಿ ಕೂರುತ್ತಾರೆ. ರಾಯಚೂರಿನ ಭತ್ತದ ರೈತ ಮೊಬೈಲ್ ಹಿಡಿದು, ಕಿಟಕಿಯ ಬೆಳಕನ್ನು ಬೆನ್ನಿಗಿಟ್ಟುಕೊಂಡು ಕಪ್ಪಗೆ ಕಾಣುತ್ತಾನೆ. ಮಾತು ತಡವಾಗಿ ತಲುಪುವುದರಿಂದ ನಡುವೆ ಬಾಯಿ ಹಾಕಲೂ ಅವನಿಗೆ ಆಗದು. ವೀಕ್ಷಕರ ಕಣ್ಣಿಗೆ ಇದು ಅಧಿಕಾರದ ವ್ಯತ್ಯಾಸವಾಗಿಯೇ ತೋರುತ್ತದೆ, ತೋರಬೇಕಾದದ್ದೂ ಹಾಗೆಯೇ.

ಇದಕ್ಕೆ ಪರಿಹಾರ ಬೆಂಗಳೂರಿನಲ್ಲಿ ಇನ್ನೂ ದೊಡ್ಡ ಎಲ್‌ಇಡಿ ಗೋಡೆ ನಿಲ್ಲಿಸುವುದಲ್ಲ. ಒಬ್ಬರು ಕೂತು ಮಾತನಾಡಲು 1.6 ಮೀಟರ್ ಅಗಲದ ಚೌಕಟ್ಟು ಸಾಕು, 20 ಮಿ.ಮೀ. ಲೆನ್ಸ್‌ಗೆ ಅದು 3.3 ಮೀಟರ್ ದೂರ. ಹಿನ್ನೆಲೆಗೆ ಒಂದು ಮೀಟರ್, ಟ್ರೈಪಾಡ್‌ಗೆ ಮುಕ್ಕಾಲು ಮೀಟರ್ ಸೇರಿಸಿದರೂ 5 ಮೀಟರ್‌ಗಿಂತ ತುಸುವೇ ಹೆಚ್ಚು ಉದ್ದದ ಕೋಣೆಯಲ್ಲಿ ಮುಗಿಯುತ್ತದೆ. ಕಲಬುರಗಿ, ಹುಬ್ಬಳ್ಳಿ, ಮಂಗಳೂರುಗಳ ವರದಿಗಾರರ ಕಚೇರಿಯಲ್ಲಿ ಅಂಥದೊಂದು ಕೋಣೆಗೆ ದಪ್ಪ ಪರದೆ, ಮೂರು ಎಲ್‌ಇಡಿ ದೀಪ, ಒಂದು ಸ್ಥಿರ ಕ್ಯಾಮೆರಾ ಮತ್ತು ಬೆಂಗಳೂರಿನ ನಿಯಂತ್ರಣ ಕೊಠಡಿಗೆ (ಪಿಸಿಆರ್) ತಡವಿಲ್ಲದೆ ಮಾತು ವಿನಿಮಯವಾಗುವ ಟಾಕ್‌ಬ್ಯಾಕ್ ಸಂಪರ್ಕ ಒದಗಿಸಿದರೆ, ಜಿಲ್ಲೆಯವರೂ ಮೇಜಿನ ಬಳಿ ಕೂತವರ ಬೆಳಕಿನಲ್ಲೇ, ಅವರ ಅಳತೆಯಲ್ಲೇ ಪರದೆಗೆ ಬರುತ್ತಾರೆ.