ಗ್ರಾಮನಾಟಕ ಮಂಡಳಿಗಳ ಇತಿವೃತ್ತ

ಅರಸೀಕೆರೆ, ಬೇಲೂರು, ಹಳೇಬೀಡು ಎಂದೊಡನೆ ಹೊಯ್ಸಳರ ಶಿಲ್ಪವೈಭವವು ಕಣ್ಣಿಗೆ ಕಟ್ಟುವುದು ಸಹಜವೇ. ಕ್ರಿ.ಶ. 1117ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಆ ದೇಗುಲದ ನವರಂಗದ ನಡುವೆ ನಯಗೊಳಿಸಿದ ದುಂಡು ಶಿಲಾವೇದಿಕೆಯಿದೆ; ಪಟ್ಟಮಹಿಷಿ ಶಾಂತಲೆಯ ಗೀತ ವಾದ್ಯ ನೃತ್ಯಗಳ ಕೌಶಲವನ್ನು ಶಾಸನಗಳು ಕೊಂಡಾಡಿವೆ. ಇದನ್ನೆಲ್ಲ ಕಂಡವರು, ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ಇರುಳು ನಡೆಯುವ ನಾಟಕವೂ ಆ ನವರಂಗದಿಂದಲೇ ಇಳಿದುಬಂದುದೆಂದು ಹೇಳಿಬಿಡುವುದುಂಟು. ಮಾತು ಕೇಳಲು ಇಂಪಾದುದು; ನಿಜವು ಬೇರೆ. ದೇಗುಲದ ನೃತ್ಯವು ದೇವರ ಮತ್ತು ಅರಸರ ಸನ್ನಿಧಿಯ ಸೇವೆ. ಹಳ್ಳಿಯ ಆಟವು ಒಕ್ಕಲುಮಕ್ಕಳು ತಮಗಾಗಿ ತಾವೇ ಕಟ್ಟಿಕೊಂಡುದು. ಅದರ ವಂಶಾವಳಿಯನ್ನು ಸುಗ್ಗಿಯ ಕಣದಲ್ಲಿಯೂ ರೈಲುದಾರಿಯಲ್ಲಿಯೂ ಹುಡುಕಬೇಕು.

ಕಣದಲ್ಲಿ ದೊರೆಯುವುದು ಮೂಡಲಪಾಯ. ಅರಸೀಕೆರೆಯ ಬಯಲುಸೀಮೆಯಿಂದ ತಿಪಟೂರು, ನಾಗಮಂಗಲಗಳವರೆಗೆ ಹರಡಿದ್ದ ಈ ಯಕ್ಷಗಾನವನ್ನು ಆಡುತ್ತಿದ್ದವರು ವೃತ್ತಿಯ ನಟರಲ್ಲ. ರಾಗಿಯ ಒಕ್ಕಣೆ ತೀರಿದ ಮೇಲೆ ಭಾಗವತನೊಬ್ಬನನ್ನು ಹಿಡಿದು, ಪದಗಳನ್ನು ಬಾಯಿಪಾಠ ಮಾಡಿ, ಮುಖವೀಣೆ ಮದ್ದಳೆಗಳ ಮೇಳದಲ್ಲಿ ಬೆಳಗಿನವರೆಗೂ ಕುಣಿಯುತ್ತಿದ್ದರು. ಕಿರೀಟ, ಭುಜಕೀರ್ತಿಗಳನ್ನು ತೊಟ್ಟು ರಾತ್ರಿ ರಾಜನಾದವನು ಹಗಲು ನೇಗಿಲು ಹಿಡಿಯುವವನೇ. ಅಕ್ಷರಜ್ಞಾನವಿಲ್ಲದವರಿಗೂ ಭಾರತ ರಾಮಾಯಣಗಳು ಕಂಠಸ್ಥವಾಗಿದ್ದುದಕ್ಕೆ ಈ ಆಟಗಳು ಒಂದು ಮುಖ್ಯ ಕಾರಣ.

ಎರಡನೆಯ ಎಳೆಯು ಗುಬ್ಬಿಯಿಂದ ಬಂದಿತು. 1884ರಲ್ಲಿ ಆ ಊರಿನ ರಸಿಕರು ಕೂಡಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಸ್ಥಾಪಿಸಿದರು. ಊರವರ ಹವ್ಯಾಸವಾಗಿ ಮೊಳೆತ ಈ ಸಂಘವೇ ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡಿಗೆಲ್ಲ ಹೆಸರಾದ ಕಂಪನಿಯಾಗಿ ಬೆಳೆಯಿತು. 1889ರ ಹೊತ್ತಿಗೆ ಬೆಂಗಳೂರಿನಿಂದ ಗುಬ್ಬಿ, ತಿಪಟೂರು, ಅರಸೀಕೆರೆಗಳನ್ನು ಹಾದು ಹರಿಹರದವರೆಗೆ ರೈಲು ಓಡತೊಡಗಿತ್ತು. ಪರದೆ, ಪೆಟ್ಟಿಗೆ, ಪರಿವಾರಸಮೇತವಾಗಿ ಸಂಚರಿಸುವ ಕಂಪನಿಗಳಿಗೆ ಇಂತಹ ದಾರಿಯು ವರವೇ ಸರಿ. ಸುತ್ತಣ ಹಳ್ಳಿಗರು ಬುತ್ತಿ ಕಟ್ಟಿಕೊಂಡು ಗಾಡಿ ಹೂಡಿ ಪೇಟೆಗೆ ಬಂದು ನಾಟಕ ನೋಡುವರು. ಹಿಂದಿರುಗುವಾಗ ಹಾಡಿನ ಮಟ್ಟುಗಳನ್ನು ನಾಲಗೆಯ ಮೇಲೆ ಹೊತ್ತು ಹೋಗುವರು. ಅರಸೀಕೆರೆಯಲ್ಲಿ ಹುಟ್ಟಿದ ಟಿ. ಎನ್. ಬಾಲಕೃಷ್ಣ (1911–1995) ಅವರು ಕಿವಿ ಮಂದವಾಗಿದ್ದರೂ ನಾಟಕದ ಕಂಪನಿಗಳಲ್ಲಿ ಪಳಗಿ, ಚಲಚ್ಚಿತ್ರದಲ್ಲಿ ಕೀರ್ತಿಶಾಲಿಗಳಾದರು.

ಈ ಎರಡು ಎಳೆಗಳೂ ಹೆಣೆದುಕೊಂಡು ಹಳ್ಳಿಯ ನಾಟಕ ಮಂಡಳಿಯಾಯಿತು. ಭಾಗವತನ ಸ್ಥಾನಕ್ಕೆ ಹಾರ್ಮೋನಿಯಂ ಮೇಷ್ಟರು ಬಂದರು. ಬಯಲಿಗೆ ಪರದೆ ಬಿದ್ದಿತು. ಗ್ರಾಮದೇವತೆಯ ಹೆಸರಿನ ಮುಂದೆ ‘ಕೃಪಾಪೋಷಿತ’ ಎಂದು ಸೇರಿಸುವ ರೂಢಿಯಲ್ಲಿ ಗುಬ್ಬಿಯ ಮುದ್ರೆ ಇಂದಿಗೂ ಕಾಣುವುದು. ಮೇಷ್ಟರಿಗೆ ಊಟ ವಸತಿಗಳನ್ನು ಊರೇ ಒದಗಿಸಿ, ತಿಂಗಳುಗಟ್ಟಲೆ ದೀಪದ ಬೆಳಕಿನಲ್ಲಿ ಅಭ್ಯಾಸ ನಡೆಸುವುದು. ಪಾತ್ರಕ್ಕೆ ತಕ್ಕಂತೆ ಪಾತ್ರಧಾರಿಯೇ ಹಣ ತೆರುವುದು. ‘ಕುರುಕ್ಷೇತ್ರ’ದ ದುರ್ಯೋಧನನಿಗೂ ಕೃಷ್ಣನಿಗೂ ಪೈಪೋಟಿ ನಡೆಯುವುದು: ಇವೇ ಮಂಡಳಿಯ ಅಲಿಖಿತ ಕಟ್ಟಳೆಗಳು. ಕಂಪನಿಯ ನಟನು ಸಂಬಳ ಪಡೆದು ಬಣ್ಣ ಹಚ್ಚಿದರೆ, ಹಳ್ಳಿಯ ನಟನು ಕೈಯಿಂದ ಹಣ ತೆತ್ತು ಹಚ್ಚುತ್ತಾನೆ. ಒಂದು ರಾತ್ರಿಯ ಕಿರೀಟಕ್ಕಾಗಿ ಸಾಲ ಮಾಡುವುದನ್ನು ವಿವೇಕವೆನ್ನಲಾಗದು. ಆದರೆ ಆ ಹಂಬಲವೇ ಇಲ್ಲದಿದ್ದರೆ ಹಳ್ಳಿಯಲ್ಲಿ ರಂಗವೂ ಇರುತ್ತಿರಲಿಲ್ಲ.

1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡ ವಾಕ್ಚಿತ್ರವು ಅವತರಿಸಿತು. ಮುಂದಿನ ದಶಕಗಳಲ್ಲಿ ದೊಡ್ಡ ಕಂಪನಿಗಳು ಒಂದೊಂದಾಗಿ ಡೇರೆ ಕಿತ್ತವು. ಟಿಕೀಟಿನ ಉತ್ಪತ್ತಿಯನ್ನು ನಂಬಿದ್ದ ಸಂಸ್ಥೆಯು ಉತ್ಪತ್ತಿ ನಿಂತೊಡನೆ ನಿಂತಿತು. ಲಾಭವನ್ನೇ ಬಯಸದ ಹಳ್ಳಿಯ ಮಂಡಳಿಯು ಉಳಿಯಿತು. ಹಾಸನ, ತುಮಕೂರು, ಮಂಡ್ಯದ ಸೀಮೆಗಳಲ್ಲಿ ಪೌರಾಣಿಕ ನಾಟಕಗಳು ಈಗಲೂ ಇರುಳಿಡೀ ನಡೆಯುತ್ತಿವೆ. ಉಳಿವಿನೊಡನೆ ನಷ್ಟವೂ ಸೇರಿದೆ. ಮೂಡಲಪಾಯದ ಮುಖವೀಣೆಯು ವಿರಳವಾಯಿತು. ಗಂಡಸರೇ ಹೆಣ್ಣುವೇಷ ಕಟ್ಟುವ ಪದ್ಧತಿ ಹೋಗಿ, ನಟಿಯರನ್ನು ಹೊರಗಿನಿಂದ ಕರೆಸುವ ರೂಢಿ ಬಂದಿತು. ಊರಿನ ಹೆಣ್ಣುಮಕ್ಕಳಾದರೋ ಬಹುಮಟ್ಟಿಗೆ ಪ್ರೇಕ್ಷಕರಾಗಿಯೇ ಉಳಿದರು.

ಶಿಲ್ಪಿಗಳು ತಮ್ಮ ಹೆಸರುಗಳನ್ನು ಬೇಲೂರಿನ ಕಲ್ಲಿನಲ್ಲಿ ಕೊರೆದಿಟ್ಟುದರಿಂದ ಒಂಬತ್ತು ಶತಮಾನಗಳ ಮೇಲೆಯೂ ದಾಸೋಜ, ಚಾವಣರನ್ನು ನಾಡು ನೆನೆಯುತ್ತಿದೆ. ಹಳ್ಳಿಯ ನಟನ ಹೆಸರು ಉಳಿಯುವುದು ಅಗ್ಗದ ಬಣ್ಣದ ಕಾಗದದ ಮೇಲೆ ಅಚ್ಚಾದ ಕರಪತ್ರದಲ್ಲಿ ಮಾತ್ರ. ಊರು, ತಿಥಿ, ಮೇಷ್ಟರು, ಪಾತ್ರಧಾರಿಗಳು, ಎಲ್ಲರ ವಿವರವೂ ಅದರಲ್ಲಿರುವುದು. ನಾಟಕ ಮುಗಿದ ಮರುದಿನವೇ ಅದು ಕಸದ ಪಾಲಾಗುವುದು. ಪೆಟ್ಟಿಗೆಯ ತಳದಲ್ಲಿ ಅಂತಹ ಹಾಳೆಯೊಂದು ಮನೆಯಲ್ಲಿ ಉಳಿದಿದ್ದರೆ ಅದನ್ನು ಎಸೆಯದೆ ಕಾಪಾಡತಕ್ಕದ್ದು. ಈ ಸೀಮೆಯ ಚರಿತ್ರೆಗೆ ಅದೂ ಒಂದು ಶಾಸನವೇ.