ಒಂಟಿ ವಾದ್ಯಗಳ ಮೇಳ

1941ರ ಏಪ್ರಿಲ್ 18ರಂದು ನ್ಯೂಯಾರ್ಕಿನ ಆರ್‌ಸಿಎ ವಿಕ್ಟರ್ ಸ್ಟುಡಿಯೊದಲ್ಲಿ ಜಾಜ್ ವಾದಕ ಸಿಡ್ನಿ ಬೆಶೆ ‘ದ ಶೇಕ್ ಆಫ್ ಅರೇಬಿ’ ಹಾಡನ್ನು ಮುದ್ರಿಸಿದಾಗ ಅವನ ಜೊತೆಗೆ ನುಡಿಸುವವರು ಯಾರೂ ಇರಲಿಲ್ಲ. ಪಿಯಾನೊ, ಡ್ರಮ್ಸ್, ಬೇಸ್, ಸೊಪ್ರಾನೊ ಮತ್ತು ಟೆನರ್ ಸ್ಯಾಕ್ಸೊಫೋನ್, ಕ್ಲಾರಿನೆಟ್ ಆರನ್ನೂ ಅವನೇ ನುಡಿಸಿದ. ಟೇಪ್ ಇನ್ನೂ ಅಮೆರಿಕದ ಸ್ಟುಡಿಯೊಗಳಿಗೆ ಬಂದಿರಲಿಲ್ಲ. ಒಂದು ತಟ್ಟೆಯಲ್ಲಿ ಕೊರೆದದ್ದನ್ನು ಹಾಕಿಕೊಂಡು, ಅದನ್ನು ಕೇಳುತ್ತ ಎರಡನೆಯ ವಾದ್ಯ ನುಡಿಸಬೇಕು. ಎರಡೂ ಸೇರಿದ್ದನ್ನು ಹೊಸ ತಟ್ಟೆಗೆ ಕೊರೆಯಬೇಕು. ಮೂರನೆಯದಕ್ಕೆ ಮತ್ತೆ ಅದೇ ಕೆಲಸ. ಪ್ರತಿ ಸುತ್ತಿಗೂ ಮೊದಲು ನುಡಿಸಿದ್ದು ಒಂದಿಷ್ಟು ಮಸುಕಾಗುತ್ತದೆ, ಸೂಜಿಯ ಸದ್ದು ಒಂದಿಷ್ಟು ಏರುತ್ತದೆ. ಆರು ಜನರ ಕೆಲಸವನ್ನು ಒಬ್ಬನೇ ಮುಗಿಸಿಬಿಡುವ ಈ ವಿದ್ಯೆ ಸಂಗೀತಗಾರರ ಸಂಘಕ್ಕಂತೂ ಹಿಡಿಸಲಿಲ್ಲ. ಜಾಜ್ ಇತಿಹಾಸ ಬರೆಯುವವರು ಈ ಪ್ರಸಂಗವನ್ನು ಒಂದು ಕುತೂಹಲದ ಸಂಗತಿಯೆಂದು ಹೇಳಿ ಮುಂದೆ ಹೋಗುವುದೇ ಹೆಚ್ಚು. ಆದರೆ ಇಂದು ಅಪರೂಪದ ಊದುವಾದ್ಯಗಳನ್ನು ಕಲೆಹಾಕಿಕೊಂಡು ಮನೆಯ ಕೋಣೆಯಲ್ಲೇ ಇಡೀ ಜಾಜ್ ಮೇಳ ಕಟ್ಟುವ ವಾದಕರ ಪರಂಪರೆ ಇಲ್ಲಿಂದ ಹೊರಡುತ್ತದೆ. ಈ ಪರಂಪರೆಯನ್ನು ಕೈಚಳಕ ಎಂದು ತಳ್ಳಿಹಾಕುವವರು ಅದರ ಅರ್ಧವನ್ನಷ್ಟೇ ನೋಡಿದ್ದಾರೆ ಎಂಬುದು ನನ್ನ ವಾದ. ಉಳಿದರ್ಧ ಆ ವಾದ್ಯಗಳು ಅಪರೂಪವಾದ ಬಗೆಯಲ್ಲಿದೆ.

ಬೇಸ್ ಸ್ಯಾಕ್ಸೊಫೋನನ್ನೇ ತೆಗೆದುಕೊಳ್ಳೋಣ. 1925ರವರೆಗೆ ಧ್ವನಿಮುದ್ರಣ ಎಂದರೆ ದೊಡ್ಡದೊಂದು ತುತ್ತೂರಿಯ ಬಾಯಿಗೆ ಎದುರಾಗಿ ನಿಂತು ನುಡಿಸುವುದು. ತಂತಿಯ ಬೇಸ್‌ನ ಮೆತ್ತಗಿನ ನಾದ ಆ ತುತ್ತೂರಿಯೊಳಗೆ ಸರಿಯಾಗಿ ಇಳಿಯುತ್ತಿರಲಿಲ್ಲ; ಟ್ಯೂಬಾ ಮತ್ತು ಬೇಸ್ ಸ್ಯಾಕ್ಸೊಫೋನ್ ಇಳಿಯುತ್ತಿದ್ದವು. 1920ರ ದಶಕದ ನೃತ್ಯ ಮೇಳಗಳಲ್ಲಿ ಆ ಭಾರೀ ವಾದ್ಯಕ್ಕೆ ಬೆಲೆ ಬರಲು ಇದೂ ಒಂದು ಕಾರಣ. ಏಡ್ರಿಯನ್ ರೊಲಿನಿ ಅದನ್ನು ಬರಿಯ ತಾಳದ ಕೆಲಸದಿಂದ ಬಿಡಿಸಿ, 1927ರಲ್ಲಿ ಬಿಕ್ಸ್ ಬೈಡರ್‌ಬೆಕ್ ಜೊತೆಗಿನ ಮುದ್ರಣಗಳಲ್ಲಿ ಸ್ವತಂತ್ರವಾಗಿ ಮಾತಾಡುವ ವಾದ್ಯವನ್ನಾಗಿ ಮಾಡಿದ. ಅಷ್ಟರಲ್ಲಿ ವಿದ್ಯುತ್ ಮೈಕ್ರೊಫೋನ್ ಬಂದಿತ್ತು. ತಂತಿಯ ಬೇಸ್ ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ಕೆಲವೇ ವರ್ಷಗಳಲ್ಲಿ ಬೇಸ್ ಸ್ಯಾಕ್ಸೊಫೋನ್ ಮೂಲೆ ಸೇರಿತು. ಅದಕ್ಕೆ ಹೊಟ್ಟೆಗೆ ಹಾಕಿದ್ದೂ ಧ್ವನಿಮುದ್ರಣ, ಹೊಟ್ಟೆಗೆ ಹೊಡೆದದ್ದೂ ಧ್ವನಿಮುದ್ರಣ.

ಉಳಿದ ವಾದ್ಯಗಳನ್ನು ಮಾರುಕಟ್ಟೆಯೇ ಮುಗಿಸಿತು. 1924ರ ಫೆಬ್ರವರಿಯಲ್ಲಿ ಪಾಲ್ ವೈಟ್‌ಮನ್ ಮೇಳ ಗರ್ಶ್ವಿನ್‌ನ ‘ರಾಪ್ಸಡಿ ಇನ್ ಬ್ಲೂ’ ಕೃತಿಯನ್ನು ಮೊದಲ ಸಲ ನುಡಿಸಿದಾಗ ರೀಡ್ ವಾದ್ಯಗಳ ಸಾಲಿನಲ್ಲಿ ಇದ್ದವರು ಮೂರೇ ಜನ. ಆದರೆ ಫರ್ಡಿ ಗ್ರೋಫೆ ಅವರಿಗಾಗಿ ಬರೆದ ಭಾಗಗಳಲ್ಲಿ ಸೊಪ್ರನೀನೊ ಸ್ಯಾಕ್ಸೊಫೋನ್, ಬೇಸ್ ಕ್ಲಾರಿನೆಟ್, ಹೆಕೆಲ್‌ಫೋನ್ ಸೇರಿ ಹತ್ತಕ್ಕೂ ಮೇಲ್ಪಟ್ಟ ವಾದ್ಯಗಳಿದ್ದವು. ಆರಂಭದ ಆ ಪ್ರಸಿದ್ಧ ಕ್ಲಾರಿನೆಟ್ ಜಾರುವಿಕೆಯನ್ನು ನುಡಿಸಿದ ರಾಸ್ ಗೋರ್ಮನ್ ಒಬ್ಬನೇ ಇವುಗಳಲ್ಲಿ ಹಲವನ್ನು ಎತ್ತಿ ಇಳಿಸುತ್ತಿದ್ದ. ಬಗೆಬಗೆಯ ಬಣ್ಣಗಳ ಆ ಹಸಿವು 1930ರ ದಶಕದ ಬಿಗ್ ಬ್ಯಾಂಡ್‌ಗಳಲ್ಲಿ ಉಳಿಯಲಿಲ್ಲ. ಎರಡು ಆಲ್ಟೊ, ಎರಡು ಟೆನರ್, ಒಂದು ಬ್ಯಾರಿಟೋನ್ ಎಂಬ ಐವರ ಸಾಲು ಕಾಲಕ್ರಮದಲ್ಲಿ ಗಟ್ಟಿಯಾಗಿ ಕೂತಿತು. ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿದ್ದ ಕಾನ್ ಕಂಪನಿ 1928ರ ಸುಮಾರಿಗೆ ಎಫ್ ಶ್ರುತಿಯ ಮೆಜೊ-ಸೊಪ್ರಾನೊ ಸ್ಯಾಕ್ಸೊಫೋನನ್ನೂ, ತುದಿಯಲ್ಲಿ ಗೋಳದಂಥ ಬಾಯಿ ಇರುವ ಕಾನ್-ಒ-ಸ್ಯಾಕ್ಸ್ ಎಂಬ ನೆಟ್ಟಗಿನ ವಾದ್ಯವನ್ನೂ ತಂದಿತು. ಮರುವರ್ಷವೇ ಶೇರುಪೇಟೆ ಕುಸಿಯಿತು. ಮಾರಾಟವಾಗದೆ ಉಳಿದ ಮೆಜೊಗಳನ್ನು ಕಂಪನಿಯ ರಿಪೇರಿ ಶಾಲೆಯಲ್ಲಿ ವಿದ್ಯಾರ್ಥಿಗಳು ಜಜ್ಜಿ ನೆಟ್ಟಗೆ ಮಾಡಿ ಕಲಿಯಲು ಬಳಸಿದರೆಂದು ಸಂಗ್ರಾಹಕರು ಇಂದಿಗೂ ಹಲ್ಲು ಕಡಿಯುತ್ತ ಹೇಳುತ್ತಾರೆ.

ಈ ವಾದ್ಯಗಳ ನಾದದಲ್ಲಿ ಕೊರತೆಯಿತ್ತೆಂದು ಅವು ಅಳಿಯಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅವಕ್ಕೆ ಸಿಗದೇ ಹೋದದ್ದು ಜೊತೆ. ಒಂದು ಕಾನ್-ಒ-ಸ್ಯಾಕ್ಸ್ ನುಡಿಸುವವನು ಇನ್ನೊಬ್ಬ ಕಾನ್-ಒ-ಸ್ಯಾಕ್ಸ್ ವಾದಕನನ್ನು ಎಲ್ಲಿಂದ ತರಬೇಕು? ಜೊತೆಯಿಲ್ಲದಿದ್ದರೆ ಅದಕ್ಕಾಗಿ ಯಾರೂ ಸಂಯೋಜನೆ ಬರೆಯುವುದಿಲ್ಲ. ಸಂಯೋಜನೆ ಇಲ್ಲದಿದ್ದರೆ ಯಾರೂ ಕಲಿಯುವುದಿಲ್ಲ. ನಮ್ಮ ಕಿವಿಗೆ ಇದು ಅಷ್ಟು ದೊಡ್ಡ ನಷ್ಟವೆಂದು ಅನ್ನಿಸದಿರಬಹುದು. ಓಲಗದಲ್ಲಿ ಒಬ್ಬ ನುಡಿಸುತ್ತಿದ್ದರೆ ಇನ್ನೊಬ್ಬ ಶ್ರುತಿ ಹಿಡಿದು ನಿಂತರೆ ಸಾಕು, ರಾಗ ಪೂರ್ತಿಯಾಗಿ ಬಂತು. ಜಾಜ್ ಸಂಯೋಜನೆಯಲ್ಲಿ ಹಾಗಲ್ಲ. ನಾಲ್ಕೈದು ಊದುವಾದ್ಯಗಳು ಒಂದೇ ಲಯದಲ್ಲಿ ಬೇರೆ ಬೇರೆ ಸ್ವರಗಳನ್ನು ಹಿಡಿದು ಒಟ್ಟಿಗೆ ಓಡಿದಾಗಲೇ ಅಲ್ಲಿ ವಾದ್ಯಗಳ ಬಣ್ಣ ಬಯಲಾಗುವುದು. ಬೆಶೆ ಮಾಡಿದಂತೆ ಒಂದರ ಮೇಲೊಂದು ಭಾಗವನ್ನು ಪೇರಿಸಿ ಮುದ್ರಿಸುವ ಮಲ್ಟಿಟ್ರ್ಯಾಕ್ ತಂತ್ರ ಬಂದದ್ದು ಈ ಒಂಟಿತನಕ್ಕೆ ಉತ್ತರವಾಗಿ. ಹಾಗೆ ಯಾರೂ ಯೋಜಿಸಿರಲಿಲ್ಲ ಎಂಬುದು ಬೇರೆ ಮಾತು.

ತಂತ್ರವನ್ನು ಬೆಳೆಸಿದವರು ಊದುವವರಲ್ಲ, ಗಿಟಾರ್ ಮತ್ತು ಪಿಯಾನೊದವರು. ಲೆಸ್ ಪಾಲ್ 1948ರಲ್ಲಿ ಹೊರತಂದ ‘ಲವರ್’ ಮುದ್ರಣದಲ್ಲಿ ಎಂಟು ಗಿಟಾರ್ ಭಾಗಗಳಿವೆ, ಅವೂ ತಟ್ಟೆಯಿಂದ ತಟ್ಟೆಗೆ ದಾಟಿದವು. ಮೊದಲು ನುಡಿಸಿದ್ದು ಹೆಚ್ಚು ಸವೆಯುವುದರಿಂದ ಕಡಿಮೆ ಮುಖ್ಯವಾದ ಭಾಗಗಳನ್ನು ಮೊದಲು ಮುಗಿಸಿ, ಮುಖ್ಯ ರಾಗವನ್ನು ಕೊನೆಗೆ ಇಟ್ಟುಕೊಳ್ಳುವುದು ಅವನ ರೀತಿ. ಎಂದರೆ ಇಡೀ ಸಂಯೋಜನೆ ಮೊದಲೇ ತಲೆಯಲ್ಲಿ ಸಿದ್ಧವಿರಬೇಕು, ಅದನ್ನು ತಲೆಕೆಳಗಾಗಿ ನುಡಿಸಬೇಕು. ಆಂಪೆಕ್ಸ್ ಕಂಪನಿಯ ಎಂಟು ಟ್ರ್ಯಾಕ್ ಯಂತ್ರ 1957ರಲ್ಲಿ ಅವನ ಮನೆ ಸೇರಿದ ಮೇಲೆ ಸವೆತದ ಭಯ ಹೋಯಿತು. ಅದೇ ವರ್ಷ ಲ್ಯಾಂಬರ್ಟ್, ಹೆಂಡ್ರಿಕ್ಸ್ ಮತ್ತು ರಾಸ್ ಮೂವರೇ ತಮ್ಮ ಕಂಠಗಳನ್ನು ಒಂದರ ಮೇಲೊಂದು ಹೇರಿ ಕೌಂಟ್ ಬೇಸಿ ಮೇಳದ ವಾದ್ಯಭಾಗಗಳನ್ನೆಲ್ಲ ಹಾಡಿದರು. ಅದಕ್ಕೆ ಮುಂಚೆ ಲೆನಿ ಟ್ರಿಸ್ಟಾನೊ ಪಿಯಾನೊ ಭಾಗಗಳನ್ನು ಪೇರಿಸಿ, ಟೇಪಿನ ವೇಗ ಬದಲಿಸಿ ಟೀಕಾಕಾರರಿಂದ ಮೋಸಗಾರನೆಂಬಂತೆ ಬೈಸಿಕೊಂಡಿದ್ದ. ಕೆಲವೇ ವರ್ಷಗಳಲ್ಲಿ, 1963ರಲ್ಲಿ, ಬಿಲ್ ಇವಾನ್ಸ್ ಮೂರು ಪಿಯಾನೊ ಭಾಗಗಳನ್ನು ತಾನೇ ನುಡಿಸಿದ ‘ಕಾನ್ವರ್ಸೇಷನ್ಸ್ ವಿತ್ ಮೈಸೆಲ್ಫ್’ ತಂದಾಗ ಅದಕ್ಕೆ ಗ್ರ್ಯಾಮಿ ಬಂತು. ಪ್ರಾಮಾಣಿಕತೆಯ ಪ್ರಶ್ನೆ ಇಷ್ಟು ಬೇಗ ತಣ್ಣಗಾಯಿತೆಂದರೆ ಅದು ಸಂಗೀತದ ಪ್ರಶ್ನೆಯಾಗಿರಲಿಲ್ಲ, ಅಭ್ಯಾಸದ ಪ್ರಶ್ನೆಯಾಗಿತ್ತು ಎನ್ನಬೇಕಾಗುತ್ತದೆ.

ಊದುವವರ ಕಡೆಯಿಂದ ಬಂದ ದೊಡ್ಡ ಉತ್ತರ ಸ್ಟುಡಿಯೊದ್ದಾಗಿರಲಿಲ್ಲ. ಒಹಾಯೊದ ಕೊಲಂಬಸ್‌ನ ಕುರುಡ ವಾದಕ ರಾಸಾನ್ ರೋಲಂಡ್ ಕರ್ಕ್ ವಾದ್ಯದಂಗಡಿಯಲ್ಲಿ ಧೂಳು ಹಿಡಿದಿದ್ದ ಎರಡು ಹಳೆಯ ಸ್ಯಾಕ್ಸೊಫೋನ್‌ಗಳನ್ನು ಎತ್ತಿಕೊಂಡ. ಒಂದು ಬುಶರ್ ಕಂಪನಿಯ ನೆಟ್ಟಗಿನ ಆಲ್ಟೊ, ಅದನ್ನು ಸ್ಟ್ರಿಚ್ ಎಂದು ಕರೆದ; ಇನ್ನೊಂದು ಕಿಂಗ್ ಕಂಪನಿಯ ಸ್ಯಾಕ್ಸೆಲೊ, ಅದು ಮಂಜೆಲೊ ಆಯಿತು. ಕೀಲಿಗಳನ್ನು ತನ್ನ ಕೈಗೆ ತಕ್ಕಂತೆ ಮಾರ್ಪಡಿಸಿಕೊಂಡು, ಟೆನರ್ ಸೇರಿಸಿ ಮೂರನ್ನೂ ಒಟ್ಟಿಗೆ ಬಾಯಿಗಿಟ್ಟು ನುಡಿಸಿದ. ಮಾರುಕಟ್ಟೆ ಬಿಸಾಡಿದ ವಾದ್ಯಗಳಿಂದ ಒಬ್ಬನೇ ಮನುಷ್ಯ ಒಂದು ಸಾಲನ್ನು ಕಟ್ಟಬಹುದು ಎಂದು ತೋರಿಸಿದವನು ಅವನೇ. ಆದರೆ ಕೈ ಎರಡೇ. ಹಾಗಾಗಿ ಅವನ ಮೂರು ಸ್ವರಗಳು ಬಹುಮಟ್ಟಿಗೆ ಒಟ್ಟಾಗಿಯೇ ಏರುತ್ತವೆ, ಇಳಿಯುತ್ತವೆ, ಇಲ್ಲವೇ ಒಂದು ನಿಂತಿದ್ದು ಇನ್ನೊಂದು ಚಲಿಸುತ್ತದೆ. ಒಂದಕ್ಕೊಂದು ಎದುರುಬದುರಾಗಿ ಸ್ವತಂತ್ರವಾಗಿ ನಡೆಯುವುದು ಕಷ್ಟ. ಕರ್ಕ್‌ನ ಸಾಧನೆ ಅಸಾಧಾರಣ. ಅದರ ಎಲ್ಲೆಯೂ ಅಷ್ಟೇ ಸ್ಪಷ್ಟ.

ಆ ಎಲ್ಲೆ ದಾಟಿದ್ದು ಇಂಗ್ಲೆಂಡಿನ ಜಾನ್ ಸರ್ಮನ್. 1972ರ ‘ವೆಸ್ಟರಿಂಗ್ ಹೋಮ್’ನಲ್ಲಿ ಆರಂಭವಾದ ಪ್ರಯೋಗ 1979ರಲ್ಲಿ ಓಸ್ಲೊದಲ್ಲಿ ಮುದ್ರಿಸಿದ ‘ಅಪಾನ್ ರಿಫ್ಲೆಕ್ಷನ್’ನಲ್ಲಿ ಮಾಗಿತು. ಬ್ಯಾರಿಟೋನ್, ಸೊಪ್ರಾನೊ, ಬೇಸ್ ಕ್ಲಾರಿನೆಟ್, ಅಡಿಯಲ್ಲಿ ಸಿಂಥಸೈಜರ್‌ನ ಮರಳಿ ಮರಳಿ ಬರುವ ಸ್ವರಮಾಲೆ. ಇವು ಕಾನ್-ಒ-ಸ್ಯಾಕ್ಸ್‌ನಷ್ಟು ವಿರಳವಲ್ಲ. ಆದರೆ ಬೇಸ್ ಕ್ಲಾರಿನೆಟ್ ಜಾಜ್‌ನಲ್ಲಿ, ಅದನ್ನು ಮುನ್ನೆಲೆಗೆ ತಂದ ಎರಿಕ್ ಡಾಲ್ಫಿಯ ನಂತರವೂ, ಪಕ್ಕಕ್ಕೆ ನಿಲ್ಲುವ ವಾದ್ಯವೇ. ಸರ್ಮನ್ ಪದರಗಳನ್ನು ಗೋಡೆಯಂತೆ ಕಟ್ಟುವುದಿಲ್ಲ. ಬೇಸ್ ಕ್ಲಾರಿನೆಟ್‌ನ ಕೆಳಗಿನ ಸ್ಥಾಯಿಯ ಮರದ ವಾಸನೆ ಇರುವಲ್ಲಿ ಬ್ಯಾರಿಟೋನನ್ನು ಬರಗೊಡುವುದಿಲ್ಲ; ಸೊಪ್ರಾನೊ ಮೇಲೇರಿದಾಗ ಅಡಿಯನ್ನು ತೆಳುವಾಗಿ ಬಿಡುತ್ತಾನೆ. ಇಲ್ಲಿ ಮಲ್ಟಿಟ್ರ್ಯಾಕ್ ತಂತ್ರದ ದೊಡ್ಡ ದೋಷಕ್ಕೆ ಪರಿಹಾರವಿದೆ. ಒಬ್ಬನೇ ಐದು ಆಲ್ಟೊ ಭಾಗಗಳನ್ನು ನುಡಿಸಿ ಕೂಡಿಸಿದರೆ ಅವನ ಕಂಪನ, ನಾಲಿಗೆಯ ಹೊಡೆತ, ಶ್ರುತಿ ತಪ್ಪುವ ಚಾಳಿ ಐದರಲ್ಲೂ ಒಂದೇ ಆಗಿರುತ್ತದೆ. ನಾದ ದಪ್ಪವಾಗುತ್ತದೆ, ಅಗಲವಾಗುವುದಿಲ್ಲ. ಐದು ಬೇರೆ ಬೇರೆ ಜೀವಗಳು ಕೂತಾಗ ಸಹಜವಾಗಿ ಬರುವ ಭೇದವನ್ನು ಇಲ್ಲಿ ಬೇರೆ ಬೇರೆ ಆಕಾರದ, ಬೇರೆ ಬೇರೆ ಕೊಳವೆಯ ವಾದ್ಯಗಳೇ ತರಬೇಕು. ಅಪರೂಪದ ವಾದ್ಯಕ್ಕೆ ಜೊತೆ ಬೇಕು, ಒಬ್ಬನೇ ಪೇರಿಸುವ ಮೇಳಕ್ಕೆ ಭೇದ ಬೇಕು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಈ ಎರಡೂ ಸೇರಿದ್ದು ಕಾಕತಾಳೀಯವಲ್ಲ ಎನ್ನಲು ನನಗಿರುವ ಮುಖ್ಯ ಆಧಾರ ಇದು.

ನಂತರದ ಕಥೆಯನ್ನು ಬೇಗ ಹೇಳಬಹುದು. 1990ರ ದಶಕದಲ್ಲಿ ಡಿಜಿಟಲ್ ಯಂತ್ರಗಳು ಸ್ಟುಡಿಯೊವನ್ನು ಮನೆಗೆ ತಂದವು. ಅದೇ ಹೊತ್ತಿಗೆ ಮ್ಯೂನಿಕ್‌ನ ಬೆನೆಡಿಕ್ಟ್ ಎಪಲ್ಸ್‌ಹೈಮ್ ಹಳೆಯ ವಾದ್ಯಗಳ ಸಮಸ್ಯೆಗಳನ್ನು ಹೊಸದಾಗಿ ಬಿಡಿಸತೊಡಗಿದ. ಎರಡು ಮೀಟರ್ ಎತ್ತರದ ಕಾಂಟ್ರಾಬೇಸ್ ಸ್ಯಾಕ್ಸೊಫೋನನ್ನು ಹೊತ್ತು ತಿರುಗುವುದು ಸುಲಭದ ಮಾತಲ್ಲ. 1999ರ ಅವನ ಟ್ಯೂಬ್ಯಾಕ್ಸ್‌ನಲ್ಲಿ ಕೊಳವೆ ಸಪೂರವಾಗಿ, ಹೆಚ್ಚು ಮಡಿಕೆಗಳಾಗಿ ಸುತ್ತಿಕೊಂಡಿತು. ಬ್ಯಾರಿಟೋನ್‌ನ ಮೌತ್‌ಪೀಸ್ ಹಾಕಿಯೇ ನುಡಿಸಬಹುದು. ಇನ್ನೊಂದು ತುದಿಯಲ್ಲಿ ಸೊಪ್ರಿಲೊ, ಸೊಪ್ರಾನೊಗಿಂತ ಒಂದು ಸ್ಥಾಯಿ ಮೇಲೆ. ಅದು ಎಷ್ಟು ಗಿಡ್ಡವೆಂದರೆ ಮೇಲಿನ ಆಕ್ಟೇವ್ ರಂಧ್ರಕ್ಕೆ ಕೊಳವೆಯ ಮೇಲೆ ಜಾಗವೇ ಸಾಲದೆ ಅದನ್ನು ಮೌತ್‌ಪೀಸ್‌ನಲ್ಲೇ ಕೊರೆಯಬೇಕಾಯಿತು. ಅಮೆರಿಕದ ಸ್ಕಾಟ್ ರಾಬಿನ್ಸನ್ ತನ್ನ ಸಂಗ್ರಹದ ಕಾಂಟ್ರಾಬೇಸ್ ಸ್ಯಾಕ್ಸೊಫೋನನ್ನು ಪ್ರದರ್ಶನದ ವಸ್ತುವಾಗಿಡದೆ, 1997ರ ‘ಥಿಂಕಿಂಗ್ ಬಿಗ್’ನಲ್ಲಿ ನೇರವಾಗಿ ಸ್ವಿಂಗ್ ಸಂಗೀತಕ್ಕೆ ಇಳಿಸಿದ. ವಾದ್ಯವೂ ಸಿಕ್ಕಿತು, ಟ್ರ್ಯಾಕುಗಳೂ ಸಿಕ್ಕವು. ಆಮೇಲೆ ಬಂದ ವಿಡಿಯೊ ಯುಗದಲ್ಲಿ ಒಬ್ಬನೇ ವಾದಕ ಪರದೆಯ ಹಲವು ಚೌಕಗಳಲ್ಲಿ ಕಾಣಿಸಿಕೊಂಡು ನುಡಿಸುವುದು ಒಂದು ಪ್ರಕಾರವೇ ಆಗಿಹೋಯಿತು. ಅವುಗಳಲ್ಲಿ ಬಹುಪಾಲು ವಾದ್ಯಗಳ ಮೆರವಣಿಗೆ, ಸಂಯೋಜನೆ ಕಡಿಮೆ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಜಾಜ್ ಎಂದರೆ ಸಂವಾದ, ತನ್ನ ಜೊತೆ ತಾನೇ ಮಾತಾಡಿಕೊಂಡರೆ ಅದು ಸಂವಾದ ಹೇಗಾದೀತು ಎನ್ನುತ್ತಾರೆ. ಇದರಲ್ಲಿ ಅರ್ಧ ಮಾತ್ರ ನಿಜ. ಬೆನಿ ಕಾರ್ಟರ್ ಬರೆದ ಸ್ಯಾಕ್ಸೊಫೋನ್ ಸಾಲುಗಳಲ್ಲಿ ಸಂವಾದವಿಲ್ಲ; ಬರೆದಿಟ್ಟ ಸ್ವರಗಳನ್ನು ನಾಲ್ಕೈದು ಮಂದಿ ಒಂದೇ ಉಸಿರಿನಲ್ಲಿ ನುಡಿಸಬೇಕು, ಎಲ್ಲರೂ ಮುಂದಾಳಿನ ನುಡಿಗಟ್ಟನ್ನು ಅನುಸರಿಸಬೇಕು. ಜಾಜ್‌ನಲ್ಲಿ ಮಾತುಕತೆಯಷ್ಟೇ ಹಳೆಯದು ಈ ಕಟ್ಟುವ ಕಲೆ. ಮಲ್ಟಿಟ್ರ್ಯಾಕ್ ಮುಂದುವರಿಸುವುದು ಎರಡನೆಯದನ್ನು. ಆದರೆ ಲಯದ ವಿಷಯದಲ್ಲಿ ಆಕ್ಷೇಪಕರ ಮಾತು ಒಪ್ಪಲೇಬೇಕು. ಮೊದಲ ಟ್ರ್ಯಾಕ್‌ಗೆ ಮುಂದಿನವು ಕೇಳಿಸುವುದಿಲ್ಲ. ಡ್ರಮ್ಮರ್ ಸೋಲೊ ನುಡಿಸುವವನ ಕಡೆ ಕಿವಿಗೊಟ್ಟು ಒಂದು ಕೂದಲೆಳೆ ಮುಂದೆ ತಳ್ಳುವುದು, ಬೇಸ್ ಹಿಂದಕ್ಕೆಳೆಯುವುದು ಇಲ್ಲಿ ಆಗದು. ಬೆಶೆಯ ತಟ್ಟೆಯಲ್ಲಿ ಸೊರಗಿರುವುದೂ ತಾಳದ ವಾದ್ಯಗಳೇ. ಸರ್ಮನ್ ಡ್ರಮ್ಸ್ ಬಿಟ್ಟು ಯಂತ್ರದ ಸ್ವರಮಾಲೆಯನ್ನು ಆಧಾರ ಮಾಡಿಕೊಂಡದ್ದು ಈ ತೊಡಕನ್ನು ಬಲ್ಲವನ ಜಾಣತನ. ಮೆಟ್ರೊನೊಮ್ ಕಿವಿಯಲ್ಲಿಟ್ಟುಕೊಂಡು ಸ್ವಿಂಗ್ ನುಡಿಸಲು ಹೊರಡುವ ವಿಡಿಯೊ ವಾದಕರಿಗೆ ಅದು ಅರ್ಥವಾದಂತಿಲ್ಲ.

ಇನ್ನೊಂದು ಆಕ್ಷೇಪ ಕಾಲಿನ್ ಸ್ಟೆಟ್ಸನ್ ರೂಪದಲ್ಲಿ ಬರುತ್ತದೆ. 2011ರ ‘ಜಡ್ಜಸ್’ ಆಲ್ಬಮ್‌ನಲ್ಲಿ ಅವನು ಬೇಸ್ ಸ್ಯಾಕ್ಸೊಫೋನ್ ಭಾಗಗಳನ್ನು ಲೂಪ್ ಇಲ್ಲದೆ ಒಂದೇ ಸಲಕ್ಕೆ ನುಡಿಸಿದ್ದಾನೆ. ಉಸಿರು ಕಡಿಯದೆ ಊದುತ್ತ, ವಾದ್ಯದೊಳಗೇ ಹಾಡುತ್ತ, ಕೀಲಿಗಳ ಟಪಟಪವನ್ನೇ ತಾಳ ಮಾಡಿಕೊಳ್ಳುತ್ತಾನೆ. ಕೋಣೆಯ ತುಂಬ ಇಟ್ಟ ಇಪ್ಪತ್ತಕ್ಕೂ ಹೆಚ್ಚು ಮೈಕುಗಳು ಇವನ್ನೆಲ್ಲ ಬೇರೆ ಬೇರೆಯಾಗಿ ಹಿಡಿದಿವೆ. ಒಂದೇ ವಾದ್ಯದಿಂದ ಇಷ್ಟು ಸಾಧ್ಯವಿದ್ದರೆ ಪದರಗಳೇಕೆ ಎಂದು ಕೇಳಬಹುದು. ಸ್ಟೆಟ್ಸನ್ ಒಂದು ವಾದ್ಯವನ್ನು ಒಳಗಿನಿಂದ ತೆರೆಯುತ್ತಾನೆ. ಬೇಸ್ ಸ್ಯಾಕ್ಸೊಫೋನ್ ಪಕ್ಕದಲ್ಲಿ ಮೆಜೊ ಕೂತರೆ ಹೇಗೆ ಕೇಳುತ್ತದೆ ಎಂಬುದು ಅವನ ಪ್ರಶ್ನೆಯಲ್ಲ. ಅದೂ ಅಲ್ಲದೆ ಇಪ್ಪತ್ತು ಮೈಕುಗಳನ್ನು ಬೆರೆಸಿ ಸಮತೂಕಕ್ಕೆ ತರುವುದೂ ಸ್ಟುಡಿಯೊದ ಕಟ್ಟುವಿಕೆಯೇ.

ಇಂಥ ವಾದ್ಯಗಳು ಪಶ್ಚಿಮದವೇ ಆಗಬೇಕೆಂದಿಲ್ಲ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನಾಗಸ್ವರ ಕಲಿತು ಜಾಜ್‌ಗೆ ತಂದ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನ ಆರ್.ಎ. ರಮಾಮಣಿ ಮತ್ತು ಟಿ.ಎ.ಎಸ್. ಮಣಿ ಅವರೊಂದಿಗೆ ಇಸಿಎಂ ಕಂಪನಿಗೆ ‘ಜ್ಯೋತಿ’ ಮುದ್ರಿಸಿದ. ಜಾಜ್‌ನಲ್ಲಿ ನಾಗಸ್ವರ ಮಾತ್ರ ಅತಿಥಿಯಾಗಿಯೇ ಉಳಿಯಿತು; ಅದಕ್ಕೊಂದು ಸಾಲು ಸಿಗಲಿಲ್ಲ. ಹಾಗೆಂದು ಎಲ್ಲ ಒಂಟಿ ವಾದ್ಯಗಳ ಗತಿಯೂ ಅದೇ ಅಲ್ಲ. ಕೆಲವು ವಾದಕರು ಎಲ್ಲರೂ ಬೇಸ್ ಸ್ಯಾಕ್ಸೊಫೋನ್ ಹಿಡಿದು ಒಟ್ಟಿಗೆ ಕೂತು ಆಲ್ಬಮ್ ಮಾಡಿದ್ದಾರೆ. ಅಲ್ಲಿ ಲಯ ಅತ್ತಿತ್ತ ಸರಿಯುತ್ತದೆ, ಒಬ್ಬರ ಉಸಿರಿಗೆ ಇನ್ನೊಬ್ಬರು ಜಾಗ ಬಿಡುತ್ತಾರೆ, ಯಾವ ಟ್ರ್ಯಾಕೂ ಕೊಡಲಾರದ್ದು ಅಲ್ಲಿದೆ. ಬೇಸ್ ಸ್ಯಾಕ್ಸೊಫೋನ್ ಈಗ ಆ ಹಂತ ತಲುಪಿದೆ. ಕಾನ್-ಒ-ಸ್ಯಾಕ್ಸ್ ತಲುಪಿಲ್ಲ, ಸೊಪ್ರಿಲೊ ತಲುಪುವ ಸೂಚನೆಯೂ ಕಾಣುವುದಿಲ್ಲ. ಅವುಗಳ ಮೇಳ ಕೇಳಬೇಕೆಂದರೆ ಒಬ್ಬನೇ ಮತ್ತೆ ಮತ್ತೆ ನುಡಿಸಿ ಪೇರಿಸುವುದೊಂದೇ ಸದ್ಯಕ್ಕಿರುವ ದಾರಿ.