ಆಟದ ಸಂತೆಯಲ್ಲಿ ಗಣಕಯಂತ್ರದವರು

ಗ್ರಾಮಾಫೋನನ್ನು ಪೆಟ್ಟಿಗೆಯ ಚೆಲುವಿಗಾಗಿ ಮನೆಗೆ ತಂದವರು ವಿರಳ, ತಂದದ್ದೆಲ್ಲ ಹಾಡಿಗಾಗಿ. ಒಳ್ಳೆಯ ತಟ್ಟೆಗಳು ಸಿಕ್ಕದ ಊರಿನಲ್ಲಿ ಎಂತಹ ಗ್ರಾಮಾಫೋನೂ ಮೂಲೆಯಲ್ಲಿ ಕುಳಿತ ಮರದ ಸಾಮಾನೇ ಸರಿ. ದೂರದರ್ಶನದ ಪರದೆಗೆ ಜೋಡಿಸಿ ಆಡುವ ವಿಡಿಯೋ ಆಟದ ಪೆಟ್ಟಿಗೆಗೂ ಇದೇ ನ್ಯಾಯ. ಇಷ್ಟು ಸರಳವಾದ ಮಾತನ್ನು ಕಲಿಯಲು ಗಣಕಯಂತ್ರದ ಕಂಪೆನಿಗಳಿಗೆ ಎಷ್ಟು ಕಾಲ ಹಿಡಿಯಿತು, ಅದಕ್ಕಾಗಿ ಅವು ಎಷ್ಟು ತೆತ್ತವು ಎಂಬುದು ನಮ್ಮ ಕಾಲದ ವ್ಯಾಪಾರದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಅಧ್ಯಾಯ.

ಮೇಲುನೋಟಕ್ಕೆ ಈ ಸಂತೆ ಗಣಕಯಂತ್ರದವರದೇ ಆಗಬೇಕಾಗಿತ್ತು. ಈಗಿನ ಆಟದ ಪೆಟ್ಟಿಗೆಯ ಹೊದಿಕೆ ಬಿಚ್ಚಿದರೆ ಒಳಗಿರುವುದು ಗಣಕಯಂತ್ರವೇ. ಆದರೆ ಚರಿತ್ರೆ ಬೇರೆ ದಾರಿ ಹಿಡಿಯಿತು. ಮನೆಯಲ್ಲಿ ಆಡುವ ಮೊದಲ ವಿಡಿಯೋ ಆಟದ ಯಂತ್ರವಾದ ಒಡಿಸ್ಸಿಯನ್ನು 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ತಂದ ಮ್ಯಾಗ್ನವಾಕ್ಸ್, ದೂರದರ್ಶನದ ಪೆಟ್ಟಿಗೆಗಳನ್ನು ಮಾಡುತ್ತಿದ್ದ ಸಂಸ್ಥೆ. 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಹೊರತಂದು ಹೆಸರಾದ ಜಪಾನಿನ ನಿಂಟೆಂಡೋ, 1889ರಲ್ಲಿ ಕ್ಯೋಟೋ ನಗರದಲ್ಲಿ ಆಟದ ಎಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿದ್ದು. 1994ರ ಡಿಸೆಂಬರಿನಲ್ಲಿ ಪ್ಲೇಸ್ಟೇಷನ್ ಯಂತ್ರವನ್ನು ತಂದ ಸೋನಿಯಂತೂ ರೇಡಿಯೋ ಕೇಳುವವರಿಗೆಲ್ಲ ಪರಿಚಿತವಾದ ಹೆಸರು; ಅದು ತನ್ನ ಮೊದಲ ಟ್ರಾನ್ಸಿಸ್ಟರ್ ರೇಡಿಯೋವನ್ನು ಮಾರಿದ್ದು 1955ರಲ್ಲಿ. ಎಲೆಯಾಟದವರೂ ರೇಡಿಯೋದವರೂ ಗೆದ್ದ ಕಡೆ ಗಣಕಯಂತ್ರದವರು ಎಡವಿದ್ದೇಕೆ?

ಉತ್ತರವಿರುವುದು ಯಂತ್ರದಲ್ಲಲ್ಲ, ಲೆಕ್ಕದ ಪುಸ್ತಕದಲ್ಲಿ. ಗಣಕಯಂತ್ರವನ್ನು ಮಾಡುವವನು ಯಂತ್ರದ ಮೇಲೆಯೇ ಲಾಭವಿಟ್ಟು ಮಾರುತ್ತಾನೆ. ಕೊಂಡವನು ಆಮೇಲೆ ಅದರಲ್ಲಿ ಏನು ಮಾಡಿದರೂ ಅವನಿಗೆ ಚಿಂತೆಯಿಲ್ಲ. ಆಟದ ವ್ಯಾಪಾರಿಯ ರೀತಿ ಬೇರೆ. ಅವನು ಪೆಟ್ಟಿಗೆಯನ್ನು ಅಸಲಿಗೆ, ಕೆಲವೊಮ್ಮೆ ಅಸಲಿಗಿಂತ ಕಡಿಮೆಗೆ ಕೊಟ್ಟುಬಿಡುತ್ತಾನೆ. ಆ ಪೆಟ್ಟಿಗೆಗಾಗಿ ಬೇರೆಯವರು ರಚಿಸಿದ ಪ್ರತಿಯೊಂದು ಆಟ ಮಾರಾಟವಾದಾಗಲೂ ಒಂದು ಪಾಲು ಅವನ ಕೈಸೇರುತ್ತದೆ. ನಿಂಟೆಂಡೋ 1980ರ ದಶಕದಲ್ಲಿ ಈ ಪದ್ಧತಿಯನ್ನು ಗಟ್ಟಿಯಾಗಿ ನೆಲೆಗೊಳಿಸಿತು. ಇಲ್ಲಿ ಯಂತ್ರವೆಂಬುದು ಬಿತ್ತನೆ, ಆಟಗಳು ಬೆಳೆ. ಬಿತ್ತುವಾಗಲೇ ಲಾಭ ಕೇಳುವವನಿಗೆ ಈ ಬೇಸಾಯ ಒಗ್ಗುವುದಿಲ್ಲ.

ಮೊದಲ ಉದಾಹರಣೆಯಾಗಿ ಕಮಡೋರ್ ಕಂಪೆನಿಯನ್ನು ನೋಡೋಣ. ಅದನ್ನು ಕಟ್ಟಿದ ಜ್ಯಾಕ್ ಟ್ರಾಮಿಯೆಲ್ ಪೋಲೆಂಡಿನಲ್ಲಿ ಹುಟ್ಟಿ, ಆಷ್‌ವಿಟ್ಸ್ ಸೆರೆಶಿಬಿರದಿಂದ ಜೀವಸಹಿತ ಉಳಿದು ಅಮೆರಿಕಕ್ಕೆ ಬಂದವನು. ಬೆರಳಚ್ಚು ಯಂತ್ರಗಳ ದುರಸ್ತಿಯಿಂದ ಆರಂಭಿಸಿ, ಲೆಕ್ಕ ಮಾಡುವ ಯಂತ್ರಗಳಿಗೆ, ಅಲ್ಲಿಂದ ಗಣಕಯಂತ್ರಕ್ಕೆ ಬಂದ. 1976ರಲ್ಲಿ ಎಂಒಎಸ್ ಟೆಕ್ನಾಲಜಿ ಎಂಬ ಚಿಪ್ಪಿನ ಕಾರ್ಖಾನೆಯನ್ನೇ ಕೊಂಡುಕೊಂಡದ್ದರಿಂದ ಬಿಡಿಭಾಗಗಳು ಅವನಿಗೆ ಮನೆಯಲ್ಲೇ ಸಿಕ್ಕವು. 1982ರಲ್ಲಿ ಬಂದ ಕಮಡೋರ್ 64 ಎಂಬ ಯಂತ್ರದ ಬೆಲೆ 595 ಡಾಲರ್. ಮರುವರ್ಷವೇ ಅದನ್ನು 200 ಡಾಲರಿನ ಆಸುಪಾಸಿಗೆ ಇಳಿಸಿದ. ಪೈಪೋಟಿ ತಡೆಯಲಾರದೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನಂತಹ ದೊಡ್ಡ ಸಂಸ್ಥೆ 1983ರಲ್ಲಿ ಮನೆಬಳಕೆಯ ಗಣಕಯಂತ್ರದ ವ್ಯಾಪಾರವನ್ನೇ ಕೈಬಿಟ್ಟಿತು.

ಅದೇ ವರ್ಷ ಅಮೆರಿಕದಲ್ಲಿ ಆಟದ ಪೆಟ್ಟಿಗೆಗಳ ಪೇಟೆ ಕುಸಿದುಬಿದ್ದಿತ್ತು. ಕಳಪೆ ಆಟಗಳು ಅಂಗಡಿಗಳಲ್ಲಿ ರಾಶಿಬಿದ್ದು, ಅಟಾರಿ ಕಂಪೆನಿ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋದ ಮರಳುಗಾಡಿನಲ್ಲಿ ಹೂಳಿಸಿತು. ತಂದೆತಾಯಿಗಳಿಗೂ ಒಂದು ಸಮಾಧಾನ ಬೇಕಾಗಿತ್ತು. ಗಣಕಯಂತ್ರ ಕೊಡಿಸಿದರೆ ಮಗು ಪಾಠವನ್ನೂ ಕಲಿತೀತು! ಮಗು ಮಾಡಿದ್ದು ಮಾತ್ರ ಬಹುಮಟ್ಟಿಗೆ ಆಟವನ್ನೇ. ಕಮಡೋರ್ 64 ಒಂದು ಕೋಟಿಗೂ ಮೀರಿ ಮಾರಾಟವಾಯಿತು. ಅದಕ್ಕಾಗಿ ಸಾವಿರಾರು ಆಟಗಳು ಹುಟ್ಟಿದವು. ಗಣಕಯಂತ್ರದ ವೇಷದಲ್ಲಿ ಅದು ಆಟದ ಸಂತೆಯನ್ನು ಹೊಕ್ಕು ಗೆದ್ದಿತ್ತು.

ಆದರೆ ಆ ಗೆಲುವಿನ ಗುಟ್ಟನ್ನು ಕಂಪೆನಿ ತಿಳಿಯಲಿಲ್ಲ. ಟ್ರಾಮಿಯೆಲ್ 1984ರ ಜನವರಿಯಲ್ಲಿಯೇ ಹೊರನಡೆದಿದ್ದ. 1990ರಲ್ಲಿ ಕಮಡೋರ್ ತನ್ನ ಹಳೆಯ 64ರ ಕೀಲಿಮಣೆಯನ್ನು ಕಿತ್ತುಹಾಕಿ, ಆಟದ ಪೆಟ್ಟಿಗೆಯೆಂದು ಯೂರೋಪಿನಲ್ಲಿ ಮಾರಲು ಹೊರಟಿತು. ಹಿಂದೆ ಬರೆದಿದ್ದ ಆಟಗಳಲ್ಲಿ ಕೆಲವು, ಮುಂದುವರಿಯಲು ಕೀಲಿಯೊತ್ತಿರಿ ಎಂದು ಕೇಳುತ್ತಿದ್ದವು. ಒತ್ತಲು ಕೀಲಿಯೇ ಇಲ್ಲ! ಜನ ಅದನ್ನು ಮುಟ್ಟಲಿಲ್ಲ. 1993ರಲ್ಲಿ ಸಿಡಿ32 ಎಂಬ ಇನ್ನೊಂದು ಯಂತ್ರ ಬಂತು. ಅದು ಕೆಟ್ಟ ಯಂತ್ರವಲ್ಲ. ಆದರೆ ಅದಕ್ಕಾಗಿಯೇ ಬರೆದ ಆಟಗಳು ತೀರ ಕಡಿಮೆ. 1994ರ ಏಪ್ರಿಲಿನಲ್ಲಿ ಕಮಡೋರ್ ದಿವಾಳಿಯೆದ್ದಿತು.

ಎರಡನೆಯ ಉದಾಹರಣೆ ಆಪಲ್ ಕಂಪೆನಿಯದು. ತನ್ನ ಮ್ಯಾಕಿಂಟಾಷ್ ಗಣಕಯಂತ್ರವನ್ನು ಸರಳಗೊಳಿಸಿ, ಪಿಪ್ಪಿನ್ ಎಂದು ಒಂದು ಬಗೆಯ ಸೇಬಿನ ಹೆಸರಿಟ್ಟು, ಜಪಾನಿನ ಆಟಿಕೆಯ ಸಂಸ್ಥೆಯಾದ ಬಂಡಾಯ್ ಮೂಲಕ 1996ರಲ್ಲಿ ಪೇಟೆಗೆ ಬಿಟ್ಟಿತು. ಅದು ಆಟವನ್ನೂ ಆಡಿಸುತ್ತಿತ್ತು, ದೂರವಾಣಿ ತಂತಿಯ ಮೂಲಕ ಅಂತರಜಾಲವನ್ನೂ ತೋರಿಸುತ್ತಿತ್ತು. ಅಮೆರಿಕದಲ್ಲಿ ಅದರ ಬೆಲೆ 599 ಡಾಲರ್. ಅದೇ ಋತುವಿನಲ್ಲಿ ಪ್ಲೇಸ್ಟೇಷನ್ 199 ಡಾಲರಿಗೆ ಸಿಕ್ಕುತ್ತಿತ್ತು. ಗಣಕಯಂತ್ರವೆನ್ನಲು ಅದಕ್ಕೆ ಶಕ್ತಿ ಸಾಲದು, ಆಟದ ಪೆಟ್ಟಿಗೆಯೆನ್ನಲು ಆಟಗಳು ಸಾಲವು. ಸುಮಾರು 42,000 ಪೆಟ್ಟಿಗೆ ಮಾರಾಟವಾಗಿ, 1997ರಲ್ಲಿ ಕಥೆ ಮುಗಿಯಿತು.

ಇವೆರಡರಿಂದಲೂ ಪಾಠ ಕಲಿತಂತೆ ನಡೆದುಕೊಂಡದ್ದು ಮೈಕ್ರೋಸಾಫ್ಟ್. ಅದರ ಮುಖ್ಯ ಕಸುಬು ಗಣಕಯಂತ್ರವನ್ನು ನಡೆಸುವ ವಿಂಡೋಸ್ ಎಂಬ ತಂತ್ರಾಂಶ. ಸೋನಿಯ ಪೆಟ್ಟಿಗೆ ಮನೆಯ ಪಡಸಾಲೆಯನ್ನು ಹಿಡಿದರೆ ಗಣಕಯಂತ್ರ ಓದುವ ಕೋಣೆಯಲ್ಲೇ ಉಳಿದೀತೆಂಬ ಅಂಜಿಕೆ ಅದಕ್ಕಿತ್ತು. 2000ದ ಫೆಬ್ರವರಿ 14ರಂದು ನಡೆದ ಸಭೆಯೊಂದರ ವೃತ್ತಾಂತವನ್ನು ಅದರಲ್ಲಿದ್ದವರು ಮುಂದೆ ಹೇಳಿಕೊಂಡಿದ್ದಾರೆ. ಹೊಸ ಆಟದ ಯಂತ್ರದಲ್ಲಿ ವಿಂಡೋಸ್ ಇರುವುದಿಲ್ಲವೆಂದು ತಿಳಿದು ಬಿಲ್ ಗೇಟ್ಸ್ ಸಿಟ್ಟಾದರಂತೆ. ಗಂಟೆಗಳ ವಾಗ್ವಾದ ನಡೆದ ಮೇಲೆ, ಹಾಗಾದರೆ ಸೋನಿಗೆ ಎದುರು ಯಾರು ಎಂಬ ಪ್ರಶ್ನೆ ಎದ್ದಿತು. ಕೊನೆಗೆ ವಿಂಡೋಸನ್ನು ಬದಿಗಿಟ್ಟು ಹಣವನ್ನು ಮಂಜೂರು ಮಾಡಿದರು. ತನ್ನ ಕುಲದೇವರನ್ನು ಹೊಸ್ತಿಲಾಚೆ ಬಿಟ್ಟು ಬರಲು ಆ ಕಂಪೆನಿ ಒಪ್ಪಿದ ಗಳಿಗೆ ಅದು.

ಮುಂದಿನ ಹೆಜ್ಜೆಯೂ ಸರಿಯಾಗಿಯೇ ಬಿತ್ತು. ಅದೇ ವರ್ಷ ಬಂಜಿ ಎಂಬ ಆಟ ರಚಿಸುವ ಸಂಸ್ಥೆಯನ್ನು ಕೊಂಡರು. ಎಕ್ಸ್‌ಬಾಕ್ಸ್ ಯಂತ್ರ 2001ರ ನವೆಂಬರ್ 15ರಂದು 299 ಡಾಲರಿಗೆ ಮಾರಾಟಕ್ಕೆ ಬಂದಾಗ ಬಂಜಿಯ ಹೇಲೋ ಎಂಬ ಆಟ ಜೊತೆಗಿತ್ತು. ಅನೇಕರು ಹೇಲೋ ಆಡಲೆಂದೇ ಯಂತ್ರವನ್ನು ಕೊಂಡರು. ಹೀಗಿದ್ದೂ ಸುಮಾರು 2.4 ಕೋಟಿ ಎಕ್ಸ್‌ಬಾಕ್ಸ್ ಮಾರಾಟವಾದರೆ, ಸೋನಿಯ ಎರಡನೆಯ ಪ್ಲೇಸ್ಟೇಷನ್ 15 ಕೋಟಿಯನ್ನು ಮೀರಿತು. ನೂರಾರು ಕೋಟಿ ಡಾಲರ್ ನಷ್ಟ! ಕಮಡೋರಿಗಾಗಲಿ ಪಿಪ್ಪಿನ್ ಕಾಲದ ಆಪಲ್‌ಗಾಗಲಿ ಇದನ್ನು ತಾಳುವ ಶಕ್ತಿಯಿರಲಿಲ್ಲ. ವಿಂಡೋಸಿನ ಗಳಿಕೆ ಬೆನ್ನಿಗಿದ್ದುದರಿಂದ ಮೈಕ್ರೋಸಾಫ್ಟ್ ತಾಳಿಕೊಂಡಿತು.

2005ರ ನವೆಂಬರಿನಲ್ಲಿ, ಸೋನಿಗಿಂತ ಒಂದು ವರ್ಷ ಮೊದಲೇ, ಎಕ್ಸ್‌ಬಾಕ್ಸ್ 360 ಬಂದಿತು. ಯಂತ್ರಗಳು ಬಿಸಿಯೇರಿ ಕೆಡತೊಡಗಿದವು. 2007ರಲ್ಲಿ ಕಂಪೆನಿ ದುರಸ್ತಿಗಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆಗೆದಿರಿಸಿತು. ಆದರೂ 8 ಕೋಟಿಗೂ ಮೀರಿ ಮಾರಾಟವಾಗಿ, ಸೋನಿಯ ಮೂರನೆಯ ಯಂತ್ರಕ್ಕೆ ಸರಿಸಮಾನವಾಗಿ ನಿಂತಿತು. ಕೆಡುವ ಯಂತ್ರವನ್ನೂ ಜನ ಬಿಡಲಿಲ್ಲವೆಂದರೆ, ಆಟಗಳ ಸೆಳೆತ ಎಷ್ಟಿತ್ತೆಂದು ಊಹಿಸಬಹುದು.

ಗೆದ್ದವರಿಗೆ ಮರೆವು ಸಹಜ. 2013ರ ಮೇ ತಿಂಗಳಿನಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರವನ್ನು ಪರಿಚಯಿಸಿದಾಗ ಆಟಕ್ಕಿಂತ ದೂರದರ್ಶನದ ಮಾತೇ ಹೆಚ್ಚಾಯಿತು. ಯಂತ್ರ ದಿನಕ್ಕೊಮ್ಮೆ ಅಂತರಜಾಲಕ್ಕೆ ವರದಿಯೊಪ್ಪಿಸಬೇಕೆಂಬ ನಿಯಮ ಬೇರೆ. ಬೆಲೆ 499 ಡಾಲರ್, ಸೋನಿಯದು 399. ಜನರ ಕೋಪ ಕಂಡು ಜೂನಿನಲ್ಲಿ ಆ ನಿಯಮವನ್ನು ಹಿಂತೆಗೆದುಕೊಂಡರು. ಅಷ್ಟರಲ್ಲಿ ಒಲವು ಸೋನಿಯ ಕಡೆಗೆ ವಾಲಿತ್ತು.

ಆಮೇಲಿನ ನಡೆ ಗಮನಾರ್ಹ. 2023ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಸುಮಾರು 6,900 ಕೋಟಿ ಡಾಲರಿಗೆ ಆಕ್ಟಿವಿಷನ್ ಬ್ಲಿಜರ್ಡ್ ಎಂಬ ಆಟಗಳ ಸಂಸ್ಥೆಯನ್ನು ಕೊಂಡಿತು. 2024ರಲ್ಲಿ ತನ್ನವೇ ಆದ ನಾಲ್ಕು ಆಟಗಳನ್ನು ಎದುರಾಳಿಗಳ ಯಂತ್ರಗಳಿಗೂ ಕೊಟ್ಟಿತು. ಅದೇ ವರ್ಷದ ಜನವರಿಯಲ್ಲಿ ಆಟದ ವಿಭಾಗದ 1,900 ಹುದ್ದೆಗಳನ್ನು ತೆಗೆದುಹಾಕುವುದಾಗಿ ಸಾರಿತು. ಲೆಕ್ಕದ ಪುಸ್ತಕದ ಈ ಪುಟವನ್ನೂ ಮರೆಯುವಂತಿಲ್ಲ.

ಆಪಲ್ ಕಥೆಗೂ ಒಂದು ಉತ್ತರಾರ್ಧವುಂಟು. 2008ರಲ್ಲಿ ಅದು ತನ್ನ ಕೈದೂರವಾಣಿಗಾಗಿ ಆಪ್ ಸ್ಟೋರ್ ಎಂಬ ಅಂಗಡಿಯನ್ನು ತೆರೆದು, ಅಲ್ಲಿ ಮಾರಾಟವಾಗುವ ತಂತ್ರಾಂಶದ ಬೆಲೆಯಲ್ಲಿ ನೂರಕ್ಕೆ 30ರಷ್ಟು ಪಾಲು ಪಡೆಯತೊಡಗಿತು. ಆ ಅಂಗಡಿಯ ಗಳಿಕೆಯಲ್ಲಿ ನೂರಕ್ಕೆ ಸುಮಾರು 70 ಆಟಗಳಿಂದಲೇ ಬರುವುದೆಂದು 2021ರಲ್ಲಿ ಅಮೆರಿಕದ ನ್ಯಾಯಾಲಯವೊಂದು ತನ್ನ ತೀರ್ಪಿನಲ್ಲಿ ಹೇಳಿತು. ಆಟದ ಪೆಟ್ಟಿಗೆ ಮಾಡಹೋಗಿ ಸೋತ ಕಂಪೆನಿ, ಆಟದ ಪೆಟ್ಟಿಗೆಯೆಂಬ ಹೆಸರನ್ನೇ ಹೇಳದೆ ಆಟದ ಸಂತೆಯ ಸುಂಕದಕಟ್ಟೆಯಲ್ಲಿ ಕುಳಿತುಬಿಟ್ಟಿತು.

ಹಾಗಾದರೆ ಗಣಕಯಂತ್ರದ ಕಂಪೆನಿ ಆಟದ ವ್ಯಾಪಾರದಲ್ಲಿ ಗೆಲ್ಲಬಲ್ಲದೇ? ಗೆಲ್ಲಬಲ್ಲದು, ಚರಿತ್ರೆಯ ಸಾಕ್ಷಿ ಅದಕ್ಕಿದೆ. ಆದರೆ ಚೌಕಾಬಾರದ ಮನೆಗಳನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡರೂ ಆಟ ಕಳೆಗಟ್ಟುತ್ತದೆಂಬುದನ್ನು ಅದು ಒಪ್ಪಿಕೊಳ್ಳಬೇಕು. ತನ್ನ ಯಂತ್ರದ ಹೆಮ್ಮೆಯನ್ನು ಬದಿಗಿಟ್ಟು, ಆಟ ಕಟ್ಟುವವರನ್ನೂ ಆಡುವವರನ್ನೂ ಮುಂದಿಟ್ಟುಕೊಂಡಾಗಲೆಲ್ಲ ಅದು ಗೆದ್ದಿದೆ. ಮರೆತಾಗಲೆಲ್ಲ, ಎಷ್ಟೇ ಸಿರಿವಂತವಾಗಿದ್ದರೂ, ದಂಡ ತೆತ್ತಿದೆ.